ಮಾಗಳಿ ಬೇರು ಬಂದ ದಾರಿ

ಮಾಗಳಿ ಬೇರು ಈಗ ನನಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ. ಮೈಸೂರಿನಲ್ಲಿರುವ ತಂಗಿ ಉಪ್ಪಿನಕಾಯಿ ಹಾಕಿದಾಗ, ಈ ಕಡೆ ಬರುವವರು ಯಾರಾದರೂ ಸಿಕ್ಕರೆ ಅವರ ಕೈಲಿ ಕಳಿಸುತ್ತಾಳೆ. ಮುಚ್ಚಳ ತೆಗೆದರೆ ಭವಾನಿಪುರಂನ ನಮ್ಮ ಸಣ್ಣ ಮನೆಯೆಲ್ಲ ಅದರದೇ ವಾಸನೆ. ಹೆಂಡತಿಗೆ ಇಂದಿಗೂ ಅದು ಒಗ್ಗಿಲ್ಲ. ತಿಗಣೆ ವಾಸನೆ ಎಂದು ಮೂಗು ಮುಚ್ಚಿಕೊಳ್ಳುತ್ತಾಳೆ. ಪಕ್ಕದ ಮನೆಯವರು ರಾಯಲಸೀಮೆಯ ಕಡೆಯವರು, ಒಮ್ಮೆ ಮೂಸಿದ್ದೇ ಇದು ಮಾರೇಡು ಗಡ್ಡ ಅಲ್ಲವಾ ಎಂದು ಕೇಳಿದರು. ಅವರ ಕಡೆ ಇದೇ ಬೇರಿನಿಂದ ನನ್ನಾರಿ ಷರಬತ್ತು ಕಾಯಿಸುತ್ತಾರೆ. ವಿಜಯವಾಡದ ಬಿಸಿಲಿನಲ್ಲಿ ರಸ್ತೆ ಬದಿ ಸಿಗುವ ಸುಗಂಧಿ ಸೋಡಾ ಹೆಸರಿಗೆ ಸೊಗದೆ ಬೇರಿನದು. ಆದರೆ ಸೊಗದೆ ಬೇರು ತೆಳ್ಳಗಿನದು, ದಿನವಿಡೀ ಅಗೆದರೂ ಚೀಲ ತುಂಬುವುದಿಲ್ಲ. ಮಾಗಳಿ ದಪ್ಪ, ತೂಕ ಬರುತ್ತದೆ. ವ್ಯಾಪಾರದಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂತು ಬಹಳ ಕಾಲವಾಗಿದೆ.

ನಾನು ಯಳಂದೂರಿನವನು. ರೈಲ್ವೆ ಕೆಲಸಕ್ಕೆಂದು ವಿಜಯವಾಡಕ್ಕೆ ಬಂದವನು ನಿವೃತ್ತಿಯಾದ ಮೇಲೂ ಇಲ್ಲೇ, ಕೃಷ್ಣಾ ನದಿಯ ದಂಡೆಯಲ್ಲಿ ಉಳಿದುಬಿಟ್ಟೆ. ಭವಾನಿಪುರಂನಲ್ಲಿ ಹೊಳೆಯ ಕಡೆ ನಡೆದರೆ ಭವಾನಿ ದ್ವೀಪ ಕಾಣುತ್ತದೆ, ಇತ್ತ ತಿರುಗಿದರೆ ಹೈದರಾಬಾದಿನ ಹೆದ್ದಾರಿಯ ಲಾರಿಗಳ ಸದ್ದು. ಯಳಂದೂರಿನಲ್ಲಿ ಪೂರ್ವಕ್ಕೆ ಮುಖ ಮಾಡಿದರೆ ಬಿಳಿಗಿರಿರಂಗನ ಬೆಟ್ಟ ಎದುರಿಗೇ ನಿಂತಿರುತ್ತಿತ್ತು. ನಮ್ಮ ಮನೆಗೆ ಬರುತ್ತಿದ್ದ ಮಾಗಳಿ ಬೇರು ಆ ಬೆಟ್ಟದಿಂದ ಸೋಲಿಗರ ಹೆಗಲ ಮೇಲೆ ಇಳಿದು ಬರುತ್ತಿತ್ತು.

ಅಪ್ಪನದು ದಿನಸಿ ಅಂಗಡಿ. ಅರವತ್ತರ ದಶಕದಲ್ಲಿ ಸೋಲಿಗರು ಇಳಿದು ಬಂದರೆಂದರೆ ಅಂಗಡಿಯ ಜಗಲಿ ತುಂಬ ಬಿದಿರು ಬುಟ್ಟಿಗಳು. ಜೇನು, ಸೀಗೆಕಾಯಿ, ಅಂಟುವಾಳ, ಅಳಲೆಕಾಯಿ, ಒಣಗಿದ ನೆಲ್ಲಿ, ಮರದ ಪಾಸಿ, ಒದ್ದೆ ಸೊಪ್ಪಿನಲ್ಲಿ ಸುತ್ತಿದ ಮಾಗಳಿ ಬೇರು. ಪ್ರತಿಯಾಗಿ ರಾಗಿ, ಉಪ್ಪು, ಹೊಗೆಸೊಪ್ಪು, ಬೆಂಕಿಪೊಟ್ಟಣ. ದುಡ್ಡು ಕೈ ಬದಲಾದದ್ದು ಕಡಿಮೆ. ಲೆಕ್ಕಕ್ಕೆ ಕಾಡಿನ ಕಿರು ಉತ್ಪನ್ನವೆಲ್ಲ ಹರಾಜಿನಲ್ಲಿ ಕೂಗಿದ ಕಂಟ್ರಾಕ್ಟರನದು. ನಮ್ಮ ಜಗಲಿಗೆ ಬರುತ್ತಿದ್ದದ್ದು ಆ ಲೆಕ್ಕದ ಹೊರಗಿನ ಸರಕು. ಆ ಕಾರಣಕ್ಕೇ ಅದಕ್ಕೆ ಬೆಲೆ ಕೇಳುವ ದನಿಯೂ ಇರಲಿಲ್ಲ. ಅಪ್ಪ ಕೆಟ್ಟವರೆಂದು ಯಾರೂ ಹೇಳುತ್ತಿರಲಿಲ್ಲ. ತಕ್ಕಡಿ ಯಾವ ಕಡೆ ವಾಲುತ್ತದೆಂದು ಮನೆಮಂದಿಗೆಲ್ಲ ಗೊತ್ತಿತ್ತು, ತಂದವರಿಗೂ ಗೊತ್ತಿತ್ತು.

ಅವರಲ್ಲಿ ಒಬ್ಬ ಮುದುಕನನ್ನು ನಾವು ಮಕ್ಕಳು ಬೇರಜ್ಜ ಎನ್ನುತ್ತಿದ್ದೆವು. ಆತ ಅಪ್ಪನನ್ನು ಬುದ್ದಿ ಎನ್ನುತ್ತಿದ್ದ, ಎಂಟು ವರ್ಷದ ನನ್ನನ್ನೂ ಚಿಕ್ಕಬುದ್ದಿ ಎನ್ನುತ್ತಿದ್ದ. ಅವನ ಬೇರು ನಮ್ಮ ಅಡುಗೆಮನೆಯ ಒಲೆಯ ಪಕ್ಕದವರೆಗೆ ಹೋಗುತ್ತಿತ್ತು, ಅವನು ಜಗಲಿ ದಾಟಿದ್ದನ್ನು ನಾನು ನೋಡಿಲ್ಲ. ಹಳ್ಳಿಯ ಜನ, ಕಾಡಿನ ಜನ ಹಿಂದೆ ಎಷ್ಟು ಹೊಂದಿಕೊಂಡು ಬಾಳುತ್ತಿದ್ದರು ಎಂದು ಬರೆಯುವವರನ್ನು ಕಂಡಾಗ ನನಗೆ ಆ ಜಗಲಿ ಕಣ್ಣ ಮುಂದೆ ಬರುತ್ತದೆ. ಬಿಳಿಗಿರಿರಂಗ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು, ಸೋಲಿಗರಿಗೆ ಆತ ಭಾವ. ದೇವರು ಭಾವನಾದರೂ ಭಕ್ತರು ಬುದ್ದಿಗಳಾಗಿಯೇ ಉಳಿದರು.

ಮಾಗಳಿ ಬೇರನ್ನು ಹೇಗೆ ಕೀಳಬೇಕೆಂದು ಬೇರಜ್ಜ ಹೇಳಿದ್ದು ನೆನಪಿದೆ. ಅದು ಬಂಡೆ ಸಂದಿಯಲ್ಲಿ ಹಬ್ಬುವ ಬಳ್ಳಿ. ಮಳೆ ಬಿದ್ದು ಬಳ್ಳಿ ಚಿಗುರಿದ ಮೇಲೆ ಬುಡ ಗುರುತಿಸಿಕೊಂಡು ಒಂದೇ ಮಗ್ಗುಲು ಅಗೆಯಬೇಕು. ಪಕ್ಕಕ್ಕೆ ಹೋದ ಬೇರು ಮಾತ್ರ ಕತ್ತರಿಸಬೇಕು, ಬುಡ ಹಿಡಿದ ಬೇರನ್ನು ಮುಟ್ಟಬಾರದು. ತೆಗೆದ ಮಣ್ಣು ತಿರುಗಿ ಮುಚ್ಚಿ, ಮೇಲೆ ಕಲ್ಲು ಹೇರಬೇಕು, ಇಲ್ಲದಿದ್ದರೆ ಹಂದಿ ಕೆದರುತ್ತದೆ. ಅದೇ ಬಂಡೆಗೆ ಮತ್ತೆ ಹೋಗುವುದು ಕೆಲವು ಮಳೆ ಕಳೆದ ಮೇಲೆ. ಅಪ್ಪ ಇನ್ನೊಂದು ಬುಟ್ಟಿ ತಾ ಎಂದರೆ, ಆ ಬಂಡೆದು ಮುಗೀತು ಬುದ್ದಿ ಎಂದು ಎದ್ದುಬಿಡುತ್ತಿದ್ದ. ಅಪ್ಪನಿಗೆ ಸಿಟ್ಟು ಬರುತ್ತಿತ್ತು. ಕಂಟ್ರಾಕ್ಟರನ ಆಳುಗಳು ಹಾರೆ ಹಿಡಿದು ಹೋಗಿ ಬುಡಸಮೇತ ಎತ್ತಿ ತರುತ್ತಿದ್ದರು, ಅವರದು ಬೇಗ ಬರುತ್ತಿತ್ತು, ಅಗ್ಗವೂ ಆಗಿತ್ತು. ಮನೆಯಲ್ಲಿ ಮಾತ್ರ ಅವ್ವ ಬೇರಜ್ಜನದನ್ನೇ ಕೇಳಿ ಇಟ್ಟುಕೊಳ್ಳುತ್ತಿದ್ದಳು. ಸಿಪ್ಪೆ ಹೆರೆದು, ನಡುವಿನ ನಾರುಕಡ್ಡಿ ಎಳೆದು ಬಿಸಾಡಿ, ತಿರುಳು ಹೆಚ್ಚಿ ಮಜ್ಜಿಗೆಯಲ್ಲಿ ಹಾಕುತ್ತಿದ್ದಳು. ನಾಲಿಗೆ ರುಚಿ ಕೆಟ್ಟವರಿಗೆ, ಹೊಟ್ಟೆ ಹಸಿಯದವರಿಗೆ, ಬಿಸಿಲಿನಲ್ಲಿ ಬೆಂದವರಿಗೆ ಅದೇ ಮದ್ದು, ಅದೇ ನೆಂಚಿಕೊಳ್ಳುವ ವಸ್ತು.

ಬೇರಜ್ಜ ಮದ್ದು ಕೊಡುತ್ತಿದ್ದದ್ದು ಊರಿನವರಿಗೂ ಸೇರಿ. ಹೊಟ್ಟೆಹುಳಕ್ಕೆ ಮುತ್ತುಗದ ಬೀಜ, ಕೆಮ್ಮಿಗೆ ಆಡುಸೋಗೆ, ಕಾಮಾಲೆಗೆ ಕಿರುನೆಲ್ಲಿ, ಹಾವು ಕಚ್ಚಿದರೆ ಈಶ್ವರಿ ಬೇರು. ಇಷ್ಟು ವರ್ಷಗಳ ನಂತರ ಇವುಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ ಒಂದೇ ತೀರ್ಪು ಕೊಡಲು ಬರುವುದಿಲ್ಲ. ಆಡುಸೋಗೆಯಲ್ಲಿ ಹುರುಳಿತ್ತು. ಅದರಲ್ಲಿರುವ ವ್ಯಾಸಿಸಿನ್ ಎಂಬ ಅಂಶವನ್ನು ಮಾದರಿಯಾಗಿಟ್ಟುಕೊಂಡೇ ಬ್ರೋಮ್‌ಹೆಕ್ಸಿನ್ ತಯಾರಾಯಿತು. ಮೆಡಿಕಲ್ ಶಾಪಿನಲ್ಲಿ ನಾವು ಕೇಳಿ ತರುವ ಎಷ್ಟೋ ಕೆಮ್ಮಿನ ಸಿರಪ್ಪುಗಳಲ್ಲಿ ಇರುವುದು ಅದೇ. ಕಿರುನೆಲ್ಲಿಯ ಕಥೆ ಇಷ್ಟು ನೇರವಾಗಿಲ್ಲ. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಮದ್ರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರ ಲೇಖನ ಬಂತು. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಕೂಡ ಆ ಸಂಗಡಿಗರಲ್ಲಿದ್ದರು. ಕಿರುನೆಲ್ಲಿ ಪುಡಿ ತಿಂದ 37 ಮಂದಿಯಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು, ಬರಿ ಪುಡಿ ತಿಂದ 23ರಲ್ಲಿ ಒಬ್ಬನಿಗೆ ಮಾತ್ರ. ಬೇರೆ ದೇಶಗಳಲ್ಲಿ ಮತ್ತೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ನಮ್ಮೂರಿನ ಕಾಮಾಲೆಯಾದರೋ ಬಹುಪಾಲು ಕೊಳಕು ನೀರಿನಿಂದ ಬಂದದ್ದು, ಪಥ್ಯದಲ್ಲಿದ್ದರೆ ಕೆಲವು ವಾರಗಳಲ್ಲಿ ತಾನೇ ಇಳಿಯುವಂಥದ್ದು. ಹೆಸರು ಸೊಪ್ಪಿಗೆ ಬರುತ್ತಿತ್ತು. ಅದೇ ಕಾಯಿಲೆಗೆ ಮಕ್ಕಳ ತೋಳಿಗೆ ಬರೆ ಹಾಕುವವರೂ ಇದ್ದರು, ಅವರಿಗೂ ಹೆಸರು ಬರುತ್ತಿತ್ತು.

ಈಶ್ವರಿ ಬೇರಿನ ವಿಷಯಕ್ಕೆ ಬಂದರೆ ದಾಕ್ಷಿಣ್ಯಕ್ಕೆ ಜಾಗವಿಲ್ಲ. ಕಬ್ಬಿನ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದ ಆಳೊಬ್ಬನನ್ನು ನಮ್ಮ ಜಗಲಿಗೇ ಹೊತ್ತು ತಂದಿದ್ದರು. ಬೇರಜ್ಜ ಅರೆದು ಕುಡಿಸಿದ, ಹಚ್ಚಿದ. ಮಾರನೆಯ ದಿನ ಆತ ಸತ್ತ. ಹಾಗೆ ಸತ್ತವರ ಲೆಕ್ಕ ಯಾರೂ ಇಡಲಿಲ್ಲ, ಕೇರೆ ಹಾವು ಕಚ್ಚಿ ಬದುಕಿದವರು ಮಾತ್ರ ವರ್ಷವರ್ಷ ಬಂದು ಕಾಣಿಕೆ ಕೊಟ್ಟು ಹೋಗುತ್ತಿದ್ದರು. ಈಶ್ವರಿ ಬೇರಿನ ಜಾತಿಯ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವಿದೆ. ತೊಂಬತ್ತರ ದಶಕದಲ್ಲಿ ಬ್ರಸೆಲ್ಸ್ ನಗರದಲ್ಲಿ ಮೈ ಇಳಿಸುವ ಗುಳಿಗೆಗೆ ಈ ಜಾತಿಯದೇ ಬೇರು ಸೇರಿ ಎಷ್ಟೋ ಹೆಂಗಸರ ಮೂತ್ರಪಿಂಡ ಹಾಳಾದವು. ಅದು ಕ್ಯಾನ್ಸರ್ ತರುವುದೂ ಖಚಿತವಾಗಿದೆ. ಹಾವಿಗೆಂದೇ ಹೆಸರು ಹೊತ್ತ ಸರ್ಪಗಂಧದ ಬೇರೂ ಹಾವಿನ ವಿಷಕ್ಕೆ ಆಗಿಬರಲಿಲ್ಲ. ಅದು ಆಗಿಬಂದದ್ದು ಬೇರೆ ಕಡೆ: 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಅದು ರಕ್ತದೊತ್ತಡ ಇಳಿಸುತ್ತದೆಂದು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದರು, 1952ರಲ್ಲಿ ಸ್ವಿಟ್ಜರ್‌ಲ್ಯಾಂಡಿನ ಸಿಬಾ ಕಂಪನಿಯವರು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಬೇರು ನಮ್ಮ ಕಾಡಿನದಾದರೂ ಗುಳಿಗೆ ಬಂದ ದಾರಿ ಬಲು ದೂರದ್ದು.

ಹಾಗಿದ್ದರೆ ಬೇರಜ್ಜನಿಗೆ ನಿಜವಾಗಿ ಗೊತ್ತಿದ್ದದ್ದೇನು? ನನ್ನ ಮಟ್ಟಿಗೆ ಹೇಳುವುದಾದರೆ, ಯಾವ ಎಲೆ ಯಾವ ರೋಗಕ್ಕೆ ಎಂಬುದು ಅವನ ವಿದ್ಯೆಯ ಸಣ್ಣ ಪಾಲು, ಅದರಲ್ಲಿ ತಪ್ಪೂ ಸಾಕಷ್ಟಿತ್ತು. ದೊಡ್ಡ ಪಾಲು ಇದ್ದದ್ದು ಎಲ್ಲಿ, ಯಾವಾಗ, ಎಷ್ಟು ಕೀಳಬೇಕು, ಎಷ್ಟು ಬಿಟ್ಟು ಬರಬೇಕು ಎಂಬುದರಲ್ಲಿ. ಆ ಪಾಲು ಕಾಡಿನಲ್ಲಿ ನಡೆಯುತ್ತಿದ್ದವರೆಗೆ ಮಾತ್ರ ಬದುಕಿರುವಂಥದ್ದು.

ನಡೆಯುವುದು ನಿಂತ ಕಥೆಗೆ ಇಸವಿಗಳಿವೆ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಬೇಟೆ ನಿಂತಿತು, ಸುಟ್ಟು ಬಿತ್ತುವ ಕುಮರಿ ಬೇಸಾಯ ನಿಂತಿತು, ಒಳಗಿದ್ದ ಪೋಡುಗಳಲ್ಲಿ, ಎಂದರೆ ಸೋಲಿಗರ ಹಾಡಿಗಳಲ್ಲಿ, ಎಷ್ಟೋ ರಸ್ತೆ ಪಕ್ಕದ ಕಾಲನಿಗಳಾದವು. ಅದರ ಜೊತೆಗೆ ತರಗು ಬೆಂಕಿಯೂ ನಿಂತಿತು. ಬೇಸಿಗೆ ಶುರುವಿನಲ್ಲಿ, ತರಗೆಲೆ ಇನ್ನೂ ಪೂರ್ತಿ ಒಣಗುವ ಮೊದಲು, ಸೋಲಿಗರು ನೆಲದ ಮೇಲೆ ಸಣ್ಣ ಬೆಂಕಿ ಹಾಯಿಸುತ್ತಿದ್ದರು. ಅದು ಮರ ಹತ್ತುತ್ತಿರಲಿಲ್ಲ, ತರಗು ಸುಟ್ಟು ನೆಲ ಚೊಕ್ಕಟ ಮಾಡಿ ಆರಿಹೋಗುತ್ತಿತ್ತು. ಇಲಾಖೆಯ ಕಣ್ಣಿಗೆ ಬೆಂಕಿ ಎಂದರೆ ಬೆಂಕಿ. ನಿಲ್ಲಿಸಿದ ಮೇಲೆ ಲಂಟಾನ ನುಗ್ಗಿತು, ನೆಲ್ಲಿಮರಗಳಿಗೆ ಉಪ್ಪಿಲು ಹತ್ತಿತು ಎಂಬುದು ಸೋಲಿಗರ ವಾದ. ಉಪ್ಪಿಲು ಎಂದರೆ ಕೊಂಬೆಯ ಮೇಲೇ ಬೇರೂರಿ ಮರದ ಸಾರ ಹೀರುವ ಬದನಿಕೆ. ಹಕ್ಕಿ ಅದರ ಬೀಜವನ್ನು ಮರದಿಂದ ಮರಕ್ಕೆ ಒರೆಸುತ್ತದೆ, ಹತ್ತಿದ ಮರ ಕಾಯಿ ಬಿಡುವುದು ಕಡಿಮೆಯಾಗಿ ಕಡೆಗೆ ಒಣಗುತ್ತದೆ. ಕಾಯಿ ಕೊಯ್ಯಲು ಹೋದ ಸೋಲಿಗ ಹಿಂದೆಲ್ಲ ಉಪ್ಪಿಲು ಹತ್ತಿದ ಕೊಂಬೆಯನ್ನೂ ಕಡಿದು ಬರುತ್ತಿದ್ದ. ಬೆಂಗಳೂರಿನ ಏಟ್ರೀ ಸಂಸ್ಥೆಯವರು ಬಂದು ಈ ಮಾತುಗಳನ್ನು ಬರೆದುಕೊಂಡು, ಮರಗಳನ್ನು ಎಣಿಸಿ, ವಿಜ್ಞಾನದ ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದರು. ಅಷ್ಟು ಹೊತ್ತಿಗೆ ಬೆಂಕಿ ಹಾಯಿಸಲು ಗೊತ್ತಿದ್ದವರ ತಲೆಗೂದಲು ನೆರೆತಿತ್ತು.

ಡಾಕ್ಟರ್ ಸುದರ್ಶನ್ ಬಂದದ್ದನ್ನು ಇಲ್ಲಿ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. 1981ರಲ್ಲಿ ಅವರು ಬೆಟ್ಟದ ಮೇಲೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು, 1986ರಲ್ಲಿ ಯಳಂದೂರಿನ ಕುಷ್ಠರೋಗಿಗಳಿಗಾಗಿ ಕರುಣಾ ಟ್ರಸ್ಟ್. ಅವರು ನಾಟಿ ಮದ್ದನ್ನು ಹೀಗಳೆಯಲಿಲ್ಲ, ಅದರ ಮುಂದೆ ಕೈಮುಗಿದು ಕೂರಲೂ ಇಲ್ಲ. ಸೋಲಿಗರಲ್ಲಿ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದೆಯೆಂದು ಎಂಬತ್ತರ ದಶಕದಲ್ಲಿ ತಿಳಿದದ್ದು ಅಲ್ಲಿಯ ಆಸ್ಪತ್ರೆಯಿಂದ. ತಂದೆತಾಯಿಯ ರಕ್ತದಿಂದ ಬರುವ ಆ ಕಾಯಿಲೆಯನ್ನು ಯಾವ ಬೇರೂ ಮುಟ್ಟುವುದಿಲ್ಲ. ಕಾಡಿನ ಮಕ್ಕಳಿಗೆ ಕಾಡೇ ಆಸ್ಪತ್ರೆ ಎಂದು ಬೆಂಗಳೂರಿನ ಸಭೆಗಳಲ್ಲಿ ಹೇಳುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘ ಬಂದ ಮೇಲೆ ಕಂಟ್ರಾಕ್ಟರ್ ಹೋದ, ಅಪ್ಪನ ತಕ್ಕಡಿಯೂ ಹೋಯಿತು. ನಮ್ಮ ಅಂಗಡಿಗೆ ನಷ್ಟವಾಯಿತು, ಆಗಬೇಕಾದದ್ದೇ. ಸೋಲಿಗರ ಕೈಗೆ ಮೊದಲ ಬಾರಿಗೆ ರಸೀತಿ ಬಂತು. ಆಮೇಲೆ 2002ರಲ್ಲಿ ವನ್ಯಜೀವಿ ಕಾಯ್ದೆ ತಿದ್ದುಪಡಿಯಾಯಿತು, ಅದರ ಆಧಾರದ ಮೇಲೆ ಬೆಟ್ಟದಲ್ಲಿ 2006ರಿಂದ ಮಾರಾಟಕ್ಕಾಗಿ ನೆಲ್ಲಿ, ಜೇನು, ಪಾಸಿ ಸಂಗ್ರಹಿಸುವುದನ್ನೇ ನಿಲ್ಲಿಸಿದರು. ರಸೀತಿ ಪುಸ್ತಕ ಇತ್ತು, ಬರೆಯಲು ಏನೂ ಇರಲಿಲ್ಲ. ಅದೇ 2006ರಲ್ಲಿ ದೆಹಲಿಯಲ್ಲಿ ಅರಣ್ಯ ಹಕ್ಕು ಕಾಯ್ದೆ ಪಾಸಾದದ್ದು ಕಾಕತಾಳೀಯವೇ ಇರಬೇಕು. 2011ರ ಜನವರಿಯಲ್ಲಿ ಬೆಟ್ಟ ಹುಲಿ ಮೀಸಲು ಪ್ರದೇಶವಾಯಿತು. ಸೋಲಿಗರು ಅರ್ಜಿ, ಸಭೆ, ನಕ್ಷೆ ಎಂದು ಓಡಾಡಿ ಅದೇ ವರ್ಷ ಅಕ್ಟೋಬರ್ 2ರಂದು 25 ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರ ಪಡೆದರು. ಹುಲಿ ಮೀಸಲಿನೊಳಗೆ ಹಾಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು.

ಆಂಧ್ರದಲ್ಲಿ ನಾನು ಕಂಡದ್ದು ಇನ್ನೊಂದು ಬಗೆ. ಇಲ್ಲಿ ಗಿರಿಜನ ಸಹಕಾರ ನಿಗಮ 1956ರಲ್ಲೇ ಹುಟ್ಟಿದೆ, ಮುಖ್ಯ ಕಚೇರಿ ವಿಶಾಖಪಟ್ಟಣದಲ್ಲಿ. ಅದರ ಮಳಿಗೆಯಲ್ಲಿ ಜೇನು, ಸೀಗೆ, ಅಂಟುವಾಳ, ಅರಕು ಕಾಫಿ, ಸಾಬೂನು ಎಲ್ಲವೂ ಗಿರಿಜನ ಎಂಬ ಹೆಸರಿನ ಚೀಟಿ ಅಂಟಿಸಿಕೊಂಡು ಸಾಲಾಗಿ ಕೂತಿರುತ್ತವೆ. ತೂಕ ಸರಿ, ಬೆಲೆ ಬರೆದಿದೆ. ಅಪ್ಪನ ಅಂಗಡಿಗಿಂತ ಎಷ್ಟೋ ಮೇಲು. ಆದರೆ ವಿಶಾಖದ ಮೇಲಿನ ಬೆಟ್ಟಸೀಮೆಯಿಂದ, 2022ರಿಂದ ಅಲ್ಲೂರಿ ಸೀತಾರಾಮರಾಜು ಜಿಲ್ಲೆ ಎನಿಸಿಕೊಂಡ ಪಾಡೇರಿನ ಕಡೆಯಿಂದ ಬರುವ ಸರಕಿನಲ್ಲಿ ನರಮಾಮಿಡಿ ಎಂಬ ಮರದ ತೊಗಟೆಯೂ ಇದೆ. ಅರೆದರೆ ಗೋಂದಿನಂತೆ ಅಂಟುವ ಆ ತೊಗಟೆ ಗಿರಿಜನರಿಗೆ ಮುರಿದ ಮೂಳೆ ಕಟ್ಟುವ ಮದ್ದು, ಊದುಬತ್ತಿ ಮಾಡುವವರಿಗೆ ಜಿಗಟು. ಮೂಳೆಗೆ ಬೇಕಾದದ್ದು ಒಂದು ಅಂಗೈ ಅಗಲ, ಊದುಬತ್ತಿಗೆ ಬೇಕಾದದ್ದು ಲಾರಿಗಟ್ಟಲೆ. ಸುತ್ತಲೂ ಸುಲಿದ ಮರ ನಿಂತಲ್ಲೇ ಒಣಗುತ್ತದೆ. ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಹಚ್ಚುವ ಬತ್ತಿಯ ಹಿಂದೆ ಯಾವ ಮರ ಇದೆಯೆಂದು ನೋಡುವ ಅಭ್ಯಾಸ ನಮಗೆ ಇಲ್ಲ.

ಪೇಟೆಯವರ ಗಿಡಮೂಲಿಕೆ ಭಕ್ತಿ ಎಷ್ಟು ಜೋರೆಂದು ಗೊತ್ತಾದದ್ದು ಕೋವಿಡ್ ಕಾಲದಲ್ಲಿ. 2021ರ ಮೇ ತಿಂಗಳಲ್ಲಿ ನೆಲ್ಲೂರು ಜಿಲ್ಲೆಯ ಕೃಷ್ಣಪಟ್ಟಣದಲ್ಲಿ ಆನಂದಯ್ಯ ಎಂಬುವರು ಕೊಡುತ್ತಿದ್ದ ನಾಟಿ ಮದ್ದಿಗೆ ಸಾವಿರಾರು ಜನ ಮುಗಿಬಿದ್ದರು. ಸರ್ಕಾರ ಮೊದಲು ತಡೆಯಿತು, ಆ ತಿಂಗಳ ಕೊನೆಗೆ ಕಣ್ಣಿಗೆ ಬಿಡುವ ಹನಿ ಬಿಟ್ಟು ಉಳಿದದ್ದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ಬೀದಿಯಲ್ಲಿ ಎಂದೂ ಕಷಾಯ ಕುಡಿಯದವರು ಯಾರನ್ನು ಹಿಡಿದರೆ ಆ ಮದ್ದು ಸಿಗುತ್ತದೆಂದು ಫೋನು ಮಾಡುತ್ತಿದ್ದರು. ಅದೇ ವರ್ಷ ಮನೆಮನೆಯ ಕುಂಡದಲ್ಲಿ ಅಮೃತಬಳ್ಳಿ ಹಬ್ಬಿತು. ದಿನವೂ ಅದರ ಕಷಾಯ ಕುಡಿದು ಯಕೃತ್ತು ಕೆಡಿಸಿಕೊಂಡ ಕೆಲವರ ವಿಷಯವನ್ನು ಮುಂಬಯಿಯ ವೈದ್ಯರು ಬರೆದರು. ಅದು ಅಮೃತಬಳ್ಳಿಯಲ್ಲ, ಅದರಂತೆಯೇ ಕಾಣುವ ಇನ್ನೊಂದು ಬಳ್ಳಿ ಇದ್ದಿರಬಹುದು ಎಂದು ಆಯುಷ್ ಸಚಿವಾಲಯ ಹೇಳಿತು. ಯಾರ ಮಾತು ಸರಿಯಾದರೂ ಬಳ್ಳಿಯಿಂದ ಬಳ್ಳಿಯನ್ನು ಬೇರ್ಪಡಿಸಿ ನೋಡುವ ಕಣ್ಣು ಕುಂಡದ ಪಕ್ಕ ನಿಂತವರಿಗೆ ಇರಲಿಲ್ಲ. ಬೇರಜ್ಜನಿಗೆ ಇದ್ದದ್ದು ಆ ಕಣ್ಣು.

ವಿದ್ಯೆಗೆ ದುಡ್ಡು ಕೊಟ್ಟು ನ್ಯಾಯ ಮಾಡಬಹುದು ಎನ್ನುವವರು ಕೇರಳದ ಕಾಣಿ ಜನರ ಉದಾಹರಣೆ ಕೊಡುತ್ತಾರೆ. 1987ರಲ್ಲಿ ಅಗಸ್ತ್ಯಮಲೆಯಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿಸುತ್ತಿದ್ದ ಕಾಣಿಗಳು ದಣಿವಿಲ್ಲದೆ ನಡೆಯುತ್ತಿದ್ದರು, ಗುಟ್ಟು ಕೇಳಿದರೆ ಆರೋಗ್ಯಪಚ್ಚ ಎಂಬ ಗಿಡದ ಕಾಯಿ ತೋರಿಸಿದರು. ಆ ಗಿಡದ ಎಲೆಯಿಂದ ಜೀವನಿ ಎಂಬ ಔಷಧ ತಯಾರಾಗಿ 1995ರಲ್ಲಿ ಕೊಯಮತ್ತೂರಿನ ಕಂಪನಿಗೆ 10 ಲಕ್ಷ ರೂಪಾಯಿ ಮತ್ತು ಶೇಕಡಾ 2 ರಾಯಧನಕ್ಕೆ ಹೋಯಿತು, ಅದರಲ್ಲಿ ಅರ್ಧ ಕಾಣಿಗಳಿಗೆ. ಜಗತ್ತೆಲ್ಲ ಹೊಗಳಿದ ಒಪ್ಪಂದ. ಎಲೆ ಕೀಳುವ ಪ್ರಶ್ನೆ ಬಂದಾಗ ಮಾತ್ರ ಅರಣ್ಯ ಇಲಾಖೆ ಅಡ್ಡ ನಿಂತಿತು. ನಮ್ಮ ಜೀವವೈವಿಧ್ಯ ಕಾಯ್ದೆ 2002ರದು. ಲಾಭದಲ್ಲಿ ಪಾಲು ಕೊಡಬೇಕೆಂದು ಅದು ಹೇಳಿತ್ತು. 2023ರ ತಿದ್ದುಪಡಿ ಗ್ರಂಥಗಳಲ್ಲಿ ಬರೆದಿಟ್ಟ ಸಾಂಪ್ರದಾಯಿಕ ಜ್ಞಾನವನ್ನು ಬಳಸುವವರಿಗೆ ಆ ಪಾಲಿನಿಂದ ವಿನಾಯಿತಿ ಕೊಟ್ಟಿದೆ. ಸೋಲಿಗರ ಮದ್ದು ಯಾವ ಗ್ರಂಥದಲ್ಲಿದೆ, ಯಾವುದು ಬಾಯಲ್ಲಿ ಮಾತ್ರ ಇದೆ ಎಂದು ಬಿಡಿಸುವ ಕೆಲಸ ಇನ್ನು ವಕೀಲರದು.

ಕೆಲವು ವರ್ಷಗಳ ಹಿಂದೆ ಬೆಟ್ಟಕ್ಕೆ ಹೋದಾಗ ಬೇರಜ್ಜನ ಮೊಮ್ಮಗ ಸಿಕ್ಕಿದ್ದ. ಜೀಪು ಓಡಿಸುತ್ತಾನೆ. ನನ್ನನ್ನು ಬುದ್ದಿ ಎನ್ನಲಿಲ್ಲ, ಸಾರ್ ಎಂದ, ಅವನ ಮನೆಯೊಳಗೆ ಕೂರಿಸಿ ಟೀ ಕೊಟ್ಟ. ಅವನ ಮಗಳಿಗೆ ಜ್ವರ ಬಂದರೆ ಆಸ್ಪತ್ರೆಗೆ ಹೋಗುತ್ತಾನೆ, ನಾಟಿ ಮದ್ದು ಕೆಮ್ಮಿಗೆ, ಉಳುಕಿಗೆ ಮಾತ್ರ. ನಿಮ್ಮಜ್ಜನ ಗಿಡಗಳು ಈಗ ಯಾರಿಗಾದರೂ ಗೊತ್ತಾ ಎಂದು ಕೇಳಿದೆ. “ಹೆಸ್ರು ಎಲ್ಲಾರ್ಗೂ ಗೊತ್ತದ ಸಾರ್, ಬರಕೊಂಡೂ ಹೋಗವ್ರ. ಗಿಡದ ತಾವ ಹೋಗದೇ ಕಷ್ಟ. ಲಂಟಾನ ತುಂಬ್ಕಂಡು ದಾರಿನೇ ಇಲ್ಲ, ಆನೆ ಎದುರ್ಗೆ ನಿಂತಿದ್ರೂ ಕಾಣದಿಲ್ಲ” ಎಂದ. ಮಾಗಳಿ ಬೇರು ಕೀಳಲು ಗೊತ್ತಾ ಎಂದರೆ ಅಜ್ಜನ ಜೊತೆ ಚಿಕ್ಕವನಿದ್ದಾಗ ಹೋಗಿದ್ದೆ ಎಂದ, ಒಂದೇ ಮಗ್ಗುಲು ಅಗೆಯುವುದನ್ನು ಕೈಯಲ್ಲಿ ಮಾಡಿ ತೋರಿಸಿದ. ಅವನ ಮಗಳು ಪಕ್ಕದಲ್ಲಿ ಕೂತು ಮೊಬೈಲ್ ನೋಡುತ್ತಿದ್ದಳು. ಅವಳು ನರ್ಸಿಂಗ್ ಓದಬೇಕೆಂದಿದ್ದಾಳೆ, ಓದಲಿ.

ಬೆಟ್ಟಕ್ಕೆ ಹೋಗುವ ಓದುಗರಲ್ಲಿ ಒಂದು ಮಾತು. ಅಲ್ಲಿ ಸೋಲಿಗರು ಸಿಕ್ಕರೆ ಸಕ್ಕರೆ ಕಾಯಿಲೆಗೆ ಯಾವ ಬೇರು, ಮಂಡಿನೋವಿಗೆ ಯಾವ ಎಲೆ ಎಂದು ಕೇಳಬೇಡಿ, ಅದಕ್ಕೆ ಡಾಕ್ಟರಿದ್ದಾರೆ. ಈ ಸಲ ನೆಲ್ಲಿ ಕೊಯ್ಯಲು ಒಳಗೆ ಹೋದಿರಾ, ಜೇನಿಗೆ ಸಂಘದಲ್ಲಿ ಏನು ಬೆಲೆ ಸಿಕ್ಕಿತು, ಹಕ್ಕುಪತ್ರ ಬಂದ ಮೇಲೆ ಏನಾದರೂ ಬದಲಾಯಿತಾ ಎಂದು ಕೇಳಿ. ಸಂಘದ ಜೇನು ಸಿಕ್ಕರೆ ಚೌಕಾಸಿ ಮಾಡದೆ ಕೊಳ್ಳಿ. ದಾರಿ ಬದಿಯಲ್ಲಿ ಯಾರಾದರೂ ಬುಡಸಮೇತ ಕಿತ್ತ ಮಾಗಳಿ ಬೇರು ರಾಶಿ ಹಾಕಿಕೊಂಡು ಮಾರುತ್ತಿದ್ದರೆ ಕೊಳ್ಳಬೇಡಿ.